ಮಾಡೆಲ್ ರೈಲಿನ ಪಾಯಿಂಟ್: ರೆಡಿ ತರೋದಾ, ಜಿಗ್ ತಗೊಳ್ಳೋದಾ, ಕೈಲೆ ಮಾಡೋದಾ?

ಮನ್ಯಾಗ ರೈಲಿನ ಲೇಔಟ್ ಕಟ್ಟೋರು ನೆಟ್ಟಗಿನ ಹಳಿ ಹಾಕೋತನಕ ಆರಾಮ ಇರ್ತಾರ, ಪಾಯಿಂಟ್ (ಒಂದು ಹಳಿ ಎರಡಾಗಿ ಕವಲೊಡೆಯೋ ಜಾಗಾ) ಬಂತಂದ್ರ ಎಲ್ಲಾರೂ ಅಲ್ಲೇ ನಿಂದರ್ತಾರ. ನನ್ನ ಕೇಳೋರ ಪ್ರಶ್ನೆ ಹೆಚ್ಚುಕಮ್ಮಿ ಒಂದ ನಮೂನಿ: "ಸರ, ಹನ್ನೆರಡು ಪಾಯಿಂಟ್ ಬೇಕಾಗ್ಯಾವ, ರೆಡಿ ತರಿಸಿದ್ರ ಇಂಜಿನ್ನಿಗೆ ಇಟ್ಟ ರೊಕ್ಕ ಎಲ್ಲಾ ಅದಕ್ಕ ಹೋಗತೈತಿ, ಕೈಲೆ ಮಾಡಿದ್ರ ಗಾಡಿ ಹಳಿ ಬಿಟ್ಟು ಬೀಳತೈತೇನೋ ಅಂತ ಅಂಜಿಕಿ, ಏನ್ ಮಾಡ್ಲಿ?" ಇದಕ್ಕ ಒಂದ ಉತ್ತರ ಇಲ್ಲ, ಆದ್ರ ನನ್ನ ಅಭಿಪ್ರಾಯ ಮುಚ್ಚಿಡಂಗಿಲ್ಲ, ಮೊದಲ ಹೇಳಿಬಿಡ್ತೀನಿ. ನಾಲ್ಕೈದು ಪಾಯಿಂಟ್ ಸಾಕು ಅನ್ನೋರು ಸುಮ್ನ ರೆಡಿ ತಗೋರಿ. ಹತ್ತರ ಮ್ಯಾಲ ಬೇಕು, ಇಲ್ಲಾ ಜಾಗಾ ಸೊಟ್ಟ ಐತಿ, ಇಲ್ಲಾ ಮೀಟರ್ ಗೇಜ್ ಮಾಡೋರು ಅಂದ್ರ ಕಾಗದದ ಟೆಂಪ್ಲೇಟ್ ಮ್ಯಾಲ ಕಾಪರ್ ಕ್ಲ್ಯಾಡ್ (ತಾಮ್ರದ ಪದರ ಇರೋ ಬೋರ್ಡಿನ) ಸ್ಲೀಪರ್, ಅಂದ್ರ ಹಳಿ ಕೆಳಗಿನ ಅಡ್ಡಪಟ್ಟಿ, ಇಟ್ಟು ಸೋಲ್ಡರ್ ಮಾಡೋ ಪದ್ಧತಿ ನಮ್ಮ ಕಡೆ ಎಲ್ಲಕ್ಕಿಂತ ಹೊಂದತೈತಿ. ಯಾಕ ಅನ್ನೋದನ್ನ ಮುಂದ ನೋಡೋಣು.

ಮೊದಲ ಯಾವುದರ ಮ್ಯಾಲ ಅಳೀಬೇಕು ಅಂತ ಗಟ್ಟಿ ಮಾಡ್ಕೋರಿ, ಇಲ್ಲಂದ್ರ ಯೂಟ್ಯೂಬ್‌ನ್ಯಾಗ ಯಾರೋ ಚಂದ ಮಾಡಿದ್ದು ನೋಡಿ ಹಂಗ ಮನಸ್ಸು ಹೋಗತೈತಿ.

ಗೇಜ್ ಯಾವುದು ಅನ್ನೋದು ಮೊದಲ ಬರತೈತಿ. ಎಚ್‌ಓ ಅಂದ್ರ 1:87, ಹಳಿಯ ಅಂತರ 16.5 ಮಿಮೀ, ಇದು ಹೊರದೇಶದ ಸ್ಟ್ಯಾಂಡರ್ಡ್ ಗೇಜ್ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676 ಮಿಮೀ, ಅದನ್ನ 87ರಿಂದ ಭಾಗಿಸಿದ್ರ 19.2 ಮಿಮೀ ಚಿಲ್ಲರೆ ಬರತೈತಿ. ಹಂಗಾಗಿ ನಾವು ಡಬ್ಲ್ಯೂಡಿಎಂ-2 ಇಂಜಿನ್ನ 16.5 ಮಿಮೀ ಹಳಿ ಮ್ಯಾಲ ಓಡಸ್ತೀವಿ ಅಂದ್ರ ಸ್ವಲ್ಪ ಸುಳ್ಳು ಹೇಳಾಕತ್ತೀವಿ ಅಂತನ ಅರ್ಥ, ಆದ್ರ ಎಲ್ಲಾರೂ ಹಂಗ ಮಾಡ್ತಾರ, ತಪ್ಪಿಲ್ಲ. ಮೀಟರ್ ಗೇಜ್ ಮಾಡೋರ ಕಥಿ ಬ್ಯಾರೆ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಾಗ ಹೊಟಗಿ–ಗದಗ ಹಾಕಿದ್ದು, ಲೋಂಡಾ ಕಡೆ ಹಾಕಿದ್ದು ಎಲ್ಲಾ ಮೀಟರ್ ಗೇಜ್. ವಿಜಯಪುರ, ಬಾಗಲಕೋಟಿ, ಬಾದಾಮಿ ಸ್ಟೇಶನ್‌ನ್ಯಾಗ ವೈಪಿ, ವೈಜಿ ಉಗಿಬಂಡಿ, ಆಮ್ಯಾಲ ವೈಡಿಎಂ-4 ಡೀಸಲ್ ಇಂಜಿನ್ ನೋಡಿದ ಮಂದಿ ಇನ್ನೂ ಇದ್ದಾರ, ಅವರಿಗೆ ಅದನ್ನ ಮಾಡೋ ಆಸೆ. ಅದು 1:87ಕ್ಕ 11.5 ಮಿಮೀ ಆಗತೈತಿ, 12 ಮಿಮೀ ಹಳಿ ನಡೀತೈತಿ.

ಎರಡನೇದ್ದು ಎಷ್ಟು ಪಾಯಿಂಟ್, ಎಂಥಾ ಆಕಾರ. ಬಸವನ ಬಾಗೇವಾಡಿ ರೋಡ್‌ನಂಥ ಸಣ್ಣ ಸ್ಟೇಶನ್‌ದ ಒಂದು ಲೂಪು, ಒಂದು ಗೂಡ್ಸ್ ಸೈಡಿಂಗ್ ಅಷ್ಟ ಮಾಡಿದ್ರ ಮೂರ್ನಾಲ್ಕು ಪಾಯಿಂಟ್‌ನ್ಯಾಗ ಮುಗೀತು. ಲೋಂಡಾ ಜಂಕ್ಷನ್ ಯಾರ್ಡ್ ಮಾಡ್ತೀನಿ ಅಂದ್ರ ಕೈಬೆರಳು ಸಾಲಂಗಿಲ್ಲ.

ಮೂರನೇದ್ದು ರೊಕ್ಕ, ಅದ್ರಾಗೂ ಎರಡು ಥರ ಐತಿ, ಶುರುವಿಗೆ ಹಾಕೋದು ಎಷ್ಟು ಮತ್ತ ಒಂದೊಂದು ಪಾಯಿಂಟಿಗೆ ಬೀಳೋದು ಎಷ್ಟು. ಇವೆರಡನ್ನೂ ಕೂಡಿಸಿ ನೋಡೋರು ಕಮ್ಮಿ. ಆಮ್ಯಾಲ ನಿಮ್ಮ ವ್ಯಾಳ್ಯಾ, ಕಣ್ಣು, ಕೈ. ಕೆಟ್ಟರ ರಿಪೇರಿ ಮಾಡಾಕ ಬರತೈತೋ ಇಲ್ಲೋ. ಕರೆಂಟು ಸರಿಯಾಗಿ ಹರೀತೈತೋ ಇಲ್ಲೋ. ಕಡೀಕ ನಮ್ಮ ಹವಾ, ಇದನ್ನ ಹೊರದೇಶದ ವಿಡಿಯೋದಾಗ ಯಾರೂ ಹೇಳಂಗಿಲ್ಲ. ಬೆಳಗಾವಿಯ ಜೂನ್‌ದಿಂದ ಸಪ್ಟೆಂಬರ್ ತನಕದ ತ್ಯಾವ ಬ್ಯಾರೆ, ವಿಜಯಪುರದ ಏಪ್ರಿಲ್ ಬಿಸಲಾಗ ಮಾಳಿಗಿ ಮ್ಯಾಲಿನ ಪತ್ರಾಸ್ ಖೋಲಿ ಬ್ಯಾರೆ.

ಹೆಸರುಗಳನ್ನ ಒಮ್ಮೆ ಹೇಳಿ ಮುಂದ ಹೋಗ್ತೀನಿ. ಹೊರಗಿನ ಎರಡು ಗಟ್ಟಿ ಹಳಿ ಸ್ಟಾಕ್ ರೈಲು, ಆ ಕಡೆ ಈ ಕಡೆ ಸರಿಯೋ ಚೂಪು ಹಳಿ ಟಂಗ್ ರೈಲು, ಎರಡು ಹಳಿ ಒಂದನ್ನೊಂದು ದಾಟೋ ಜಾಗಾ ಫ್ರಾಗ್, ಫ್ರಾಗ್ ಎದರಿಗೆ ಗಾಲಿಯನ್ನ ಹಿಡದು ದಾರಿ ತೋರಸೋದು ಚೆಕ್ ರೈಲು. ನಂಬರ್ 6 ಪಾಯಿಂಟ್ ಅಂದ್ರ ಆರು ಅಳತಿ ಮುಂದ ಹೋದ್ರ ಒಂದು ಅಳತಿ ಬಾಜೂಕ ಸರಿಯೋದು, ಕೋನ ಸುಮಾರು ಒಂಬತ್ತೂವರಿ ಡಿಗ್ರಿ. ನಮ್ಮ ರೈಲ್ವೆದಾಗ 1 ಇನ್ 8.5, 1 ಇನ್ 12 ಅಂತ ಇರ್ತಾವ. ಖರೇ 1 ಇನ್ 12 ಹತ್ರ ಹತ್ರ 40 ಮೀಟರ್ ಉದ್ದ, ಅದನ್ನ ಎಚ್‌ಓಕ್ಕ ಇಳಿಸಿದ್ರ 46 ಸೆಂಟಿಮೀಟರ್, ಒಂದ ಪಾಯಿಂಟಿಗೆ ಒಂದೂವರಿ ಫೂಟು ಹೋತು! ಅದಕ್ಕ ಮನ್ಯಾಗ ನಂಬರ್ 5, 6 ಮಾಡಿ ಸಮಾಧಾನ ಪಡೋದು.

ರೆಡಿ ಪಾಯಿಂಟ್

ಪೀಕೋ ಅನ್ನೋ ಬ್ರಿಟಿಷ್ ಕಂಪನಿ ಎಲ್ಲಾರಿಗೂ ಗೊತ್ತಿರೋ ಹೆಸರು. ಅದರ ಸ್ಟ್ರೀಮ್‌ಲೈನ್ ಸರಣಿಯ ಕೋಡ್ 100 ಮತ್ತ ಕೋಡ್ 75 (ಕೋಡ್ ಅಂದ್ರ ಹಳಿಯ ಎತ್ತರ, ಇಂಚಿನ ಸಾವಿರ ಭಾಗದ ಲೆಕ್ಕದಾಗ) ಪಾಯಿಂಟ್ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಬರ್ತಾವ, ಕೋಡ್ 100ದಾಗ ಉದ್ದ 185, 219, 258 ಮಿಮೀ, ಮೂರಕ್ಕೂ ಕೋನ ಒಂದ, 12 ಡಿಗ್ರಿ. ಇದರಿಂದ ಒಂದು ಅನುಕೂಲ, ಯಾವುದನ್ನ ಯಾವುದಕ್ಕ ಜೋಡಿಸಿದ್ರೂ ಹಳಿ ಸಮಾಂತರ ಬರ್ತಾವ, ತಲಿ ಕೆಡಸ್ಕೊಳ್ಳೋದಿಲ್ಲ. ಒಂದು ತ್ರಾಸೂ ಐತಿ, 12 ಡಿಗ್ರಿ ಅಂದ್ರ 1 ಇನ್ 5ಕ್ಕಿಂತ ಕಡಿದು, ಅದ್ರಾಗೂ ಸಣ್ಣದರ ತಿರುವು 24 ಇಂಚಿನ ರೇಡಿಯಸ್, ಐಸಿಎಫ್ ಕೋಚ್ 1:87ರಾಗ 24 ಸೆಂಟಿಮೀಟರ್ ದಾಟತೈತಿ, ಅಂಥಾ ಉದ್ದ ಡಬ್ಬಿ ಸಣ್ಣ ಪಾಯಿಂಟಿನ ಮ್ಯಾಲ ಹೋಗೋವಾಗ ಮೂಲಿ ಹೊರಗ ಚಾಚಿ ಕಣ್ಣಿಗೆ ಚುಚ್ಚತೈತಿ, ಹಿಂದಕ್ಕ ನೂಕಿದ್ರ ಬಫರ್ ಸಿಕ್ಕೊಂಡು ಡಬ್ಬಿ ಇಳಿಯೋದೂ ಐತಿ. ಉದ್ದ ಡಬ್ಬಿ ಓಡಸೋರು ಮಧ್ಯಮಕ್ಕಿಂತ ಕೆಳಗ ಇಳೀಬ್ಯಾಡ್ರಿ. ಕೋಡ್ 83 ಸರಣಿ ಅಮೆರಿಕದ ಲೆಕ್ಕದ ನಂಬರ್ 5, 6, 8 ಕೋನದಾಗ ಬರತೈತಿ, ನೋಡಾಕ ಛಲೋ, ಜಾಗಾ ಹೆಚ್ಚು ತಿಂತೈತಿ.

ಫ್ರಾಗ್ ಮೂರು ಥರ. ಇನ್ಸುಲ್‌ಫ್ರಾಗ್‌ನ್ಯಾಗ ಫ್ರಾಗ್ ತುದಿ ಪ್ಲಾಸ್ಟಿಕ್, ಅಲ್ಲಿ ಕರೆಂಟ್ ಇಲ್ಲ. ಎಲೆಕ್ಟ್ರೋಫ್ರಾಗ್ ಪೂರ್ತಿ ಲೋಹ, ಪಾಯಿಂಟ್ ತಿರುವಿದಾಗ ಪೊಲಾರಿಟಿನೂ ಬದಲಾಗಬೇಕು. ಈಗಿನ ಯೂನಿಫ್ರಾಗ್ ಎರಡೂ ಥರ ನಡೀತೈತಿ, ಬೇಕಂದ್ರ ವೈರ್ ಕೊಡ್ರಿ, ಬ್ಯಾಡಂದ್ರ ಬಿಡ್ರಿ. ಆರು ಆಕ್ಸಲಿನ ಡಬ್ಲ್ಯೂಡಿಎಂ, ವೈಡಿಎಂ ಥರದ ಇಂಜಿನ್ ಎಲ್ಲಾ ಗಾಲಿಯಿಂದ ಕರೆಂಟ್ ತಗೊಳ್ಳೋ ಹಂಗಿದ್ರ ಸತ್ತ ಫ್ರಾಗ್ ಮ್ಯಾಲೂ ನಿಂದ್ರಂಗಿಲ್ಲ, ಸಣ್ಣ ನಾಲ್ಕು ಗಾಲಿ ಶಂಟರ್ ಮಾತ್ರ ನಿಂತ ಬಿಡತೈತಿ.

ರೊಕ್ಕದ ಮಾತಿಗೆ ಬಂದ್ರ ಕಸ್ಟಮ್ಸು, ಸಾಗಾಟ ಎಲ್ಲಾ ಕೂಡಿ ಒಂದೊಂದಕ್ಕ ಎರಡು ಸಾವಿರದ ಮ್ಯಾಲ ಅಂತ ಹಿಡೀರಿ, ಡಾಲರ್, ಪೌಂಡ್ ಏರಿಳಿದಂಗ ಇದೂ. ಬೆಳಗಾವಿ ಅಂಗಡ್ಯಾಗ ಹೋಗಿ ಕೈಲೆ ಹಿಡದು ನೋಡಿ ತರೋ ಮಾಲಲ್ಲ ಇದು, ಆನ್‌ಲೈನ್ ಇಲ್ಲಾ ಮುಂಬೈ, ಪುಣೆ, ಬೆಂಗಳೂರು ಕಡೆಯಿಂದ ತರಸ್ಬೇಕು. ಪುಣೆಗೆ ಹೆಂಗೂ ಹೋಗಿರ್ತೀರಿ, ಅಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡ್ಕೊಂಡು ಬರ್ರಿ, ದೊಡ್ಡ ಲೇಔಟಿನ ಮ್ಯಾಲ ಪಾಯಿಂಟ್ ಹೆಂಗ ಕೆಲಸ ಮಾಡ್ತಾವ ಅಂತ ಕಣ್ಣಾರೆ ಕಂಡ ಮ್ಯಾಲ ಎಂಥಾದ್ದು ಬೇಕು ಅನ್ನೋದು ತಾನ ತಿಳೀತೈತಿ. ಮೀಟರ್ ಗೇಜಿನವರಿಗೂ ಪೀಕೋ, ಟಿಲ್ಲಿಗ್ ಇಬ್ಬರೂ 12 ಮಿಮೀ ಪಾಯಿಂಟ್ ಮಾಡ್ತಾರ, ಆದ್ರ ಆರಿಸಾಕ ನಮೂನಿ ಭಾಳ ಇಲ್ಲ. 19.2 ಮಿಮೀದಾಗ ಮಾಡೋ ಹಠದವರಿಗೆ ರೆಡಿ ಅನ್ನೋದು ಇಲ್ಲವೇ ಇಲ್ಲ, ಗಾಲಿಗಳ ಆಕ್ಸಲ್ ಸೈತ ಬದಲಿ ಮಾಡ್ಬೇಕು.

ಜಿಗ್ ತಗೊಂಡು ಮಾಡೋದು

ಕೆನಡಾದ ಫಾಸ್ಟ್ ಟ್ರ್ಯಾಕ್ಸ್ ಕಂಪನಿ ಅಲ್ಯೂಮಿನಿಯಂ ಪಟ್ಟಿಯೊಳಗ ಹಳಿ ಕೂಡೋ ಸಂದು ಕೊರದು ಜಿಗ್, ಅಂದ್ರ ಹಳಿಯನ್ನ ಅಳತಿಗೆ ಹಿಡಿಯೋ ಅಚ್ಚು, ಮಾರತೈತಿ. ಹಳಿ ಕತ್ತರಿಸಿ, ಅರದಿಂದ ತಿಕ್ಕಿ, ಸಂದಿನೊಳಗ ಕೂಡಿಸಿ, ಸ್ಲೀಪರ್ ಮ್ಯಾಲ ಸೋಲ್ಡರ್ ಮಾಡಿದ್ರ ಮುಗೀತು, ಅಲ್ಯೂಮಿನಿಯಂಗೆ ಸೋಲ್ಡರ್ ಹತ್ತಂಗಿಲ್ಲ ಅಂತ ಪಾಯಿಂಟ್ ಸೀದಾ ಎತ್ತಾಕ ಬರತೈತಿ. ಅಳತಿ ತಪ್ಪೋ ಮಾತ ಕಮ್ಮಿ, ಹತ್ತನೇ ಪಾಯಿಂಟೂ ಮೊದಲನೇದರಂಗ ಬರತೈತಿ. ಕೆಲಸ ಎಷ್ಟು ಚೊಕ್ಕ ಅಂದ್ರ ಎದುರು ಮಾತಾಡಾಕ ಏನೂ ಇಲ್ಲ, ಇರೋ ತಕರಾರೆಲ್ಲಾ ಲೆಕ್ಕದ್ದು. ಒಂದು ಜಿಗ್ ಅಂದ್ರ ಒಂದು ನಂಬರ್, ಒಂದು ಗೇಜ್, ಒಂದು ಹಳಿ ಎತ್ತರ. ನಂಬರ್ 6 ಕೋಡ್ 83ರ ಜಿಗ್‌ನ್ಯಾಗ ನಂಬರ್ 5 ಆಗಂಗಿಲ್ಲ, ಕೋಡ್ 70 ಹಳಿ ಕೂಡಂಗಿಲ್ಲ. ಟಂಗ್ ರೈಲು, ಫ್ರಾಗ್ ತಿಕ್ಕೋ ಸಾಧನ ಬ್ಯಾರೆ ಖರೀದಿ. ಬೆಲಿ ಡಾಲರಿನ ಮೂರಂಕಿಯೊಳಗ ಇರತೈತಿ, ಅದರ ಮ್ಯಾಲ ಸಾಗಾಟ, ಕಸ್ಟಮ್ಸ್. ಒಬ್ಬನ ಲೇಔಟಿಗೆ ಇಪ್ಪತ್ತಕ್ಕಿಂತ ಕಮ್ಮಿ ಪಾಯಿಂಟ್ ಬೇಕಂದ್ರ ಇದು ಗಿಟ್ಟೋದು ಅನುಮಾನ. ನಾಲ್ಕು ಮಂದಿ ಗೆಳ್ಯಾರು ಒಂದ ನಂಬರ್, ಒಂದ ಕೋಡ್ ಅಂತ ಒಪ್ಕೊಂಡು ಪಟ್ಟಿ ಹಾಕಿ ತರಿಸಿದ್ರ ಛಲೋ, ಆದ್ರ ನಾಲ್ಕು ಮಂದಿ ಹವ್ಯಾಸಿಗಳು ಒಂದ ಕೋಡಿಗೆ ಒಪ್ಪಿದ್ದನ್ನ ನಾ ಅಂತೂ ನೋಡಿಲ್ಲ.

ಉದ್ಯಮಬಾಗ್‌ನಂಥ ಕಾರ್ಖಾನಿ ಪ್ರದೇಶ ಇರೋ ಊರಾಗ ಕೂತು ಜಿಗ್ಗಿಗೆ ಕೆನಡಾ ಯಾಕ ಅಂತ ಬೆಳಗಾವಿಯವರು ಕೇಳ್ತಾರ, ಖರೇನ ಅದ. ವಿಎಂಸಿ (ಕಂಪ್ಯೂಟರ್ ಹೇಳಿದಂಗ ಲೋಹ ಕೊರಿಯೋ) ಮಷೀನ್ ಇರೋ ಜಾಬ್‌ವರ್ಕ್‌ನವರ ಕಡೆ ಡ್ರಾಯಿಂಗ್ ಕೊಟ್ರ ಅಲ್ಯೂಮಿನಿಯಂ ಪಟ್ಟಿಯೊಳಗ ಸಂದು ಹೊಡದು ಕೊಡಾಕ ಬರತೈತಿ. ಎರಡು ಮಾತು ನೆನಪಿರ್ಲಿ. ಅವರಿಗೆ ನೂರಾರು ಪೀಸಿನ ಆರ್ಡರ್ ನಡುವ ನಿಮ್ಮ ಒಂದ ಪೀಸು ಕಿರಿಕಿರಿ, ಪರಿಚಯ ಇಲ್ಲಂದ್ರ ತಿಂಗಳಗಟ್ಟಲೆ ಅಲ್ಲೇ ಬಿದ್ದಿರತೈತಿ. ಎರಡನೇದ್ದು, ಹಳಿಯ ತಳದ ಅಗಲ ಕಂಪನಿಯಿಂದ ಕಂಪನಿಗೆ ಬ್ಯಾರೆ, ನಿಮ್ಮ ಕಡೆ ಇರೋ ಹಳಿಯನ್ನ ವರ್ನಿಯರ್‌ನಿಂದ ಅಳದು ಅದನ್ನ ಡ್ರಾಯಿಂಗ್‌ನ್ಯಾಗ ಬರೀರಿ, ಹಳಿ ತುಂಡನ್ನೂ ಜೊತಿಗೆ ಕೊಟ್ಟು ಬರ್ರಿ. ಪೂರ್ತಿ ಪಾಯಿಂಟಿನ ಜಿಗ್ ಬ್ಯಾಡ, ಫ್ರಾಗಿನ ಕೋನ ತಿಕ್ಕೋ ಒಂದು ಸಣ್ಣ ಬ್ಲಾಕ್ ಅಷ್ಟ ಮಾಡಿಸ್ರಿ ಅಂತ ನನ್ನ ಸಲಹೆ. ಅದು ಯಾವ ಕೋಡಿಗೂ ನಡೀತೈತಿ, ಕೈಲೆ ಮಾಡೋರಿಗೆ ಅರ್ಧ ತ್ರಾಸು ಅಲ್ಲೇ ಕಮ್ಮಿ ಆಗತೈತಿ.

ಕಾಗದದ ಟೆಂಪ್ಲೇಟ್, ಕಾಪರ್ ಕ್ಲ್ಯಾಡ್ ಸ್ಲೀಪರ್

ಇದರ ಬಗ್ಗೆ ಉದ್ದ ಬರೀತೀನಿ, ಯಾಕಂದ್ರ ಹೆಚ್ಚಿನ ಮಂದಿಗೆ ಇದ ಸರಿ, ಮತ್ತ ಇದಕ್ಕ ಮಂದಿ ಅಂಜೋದೂ ಹೆಚ್ಚು. ಟೆಂಪ್ಲೇಟ್ ಪುಕ್ಕಟೆ ಸಿಗತೈತಿ, ಫಾಸ್ಟ್ ಟ್ರ್ಯಾಕ್ಸ್‌ನವರ ಪಿಡಿಎಫ್ ಐತಿ, ಟೆಂಪ್ಲಾಟ್ ಅನ್ನೋ ಸಾಫ್ಟ್‌ವೇರೂ ಈಗ ಪುಕ್ಕಟೆ, ಅದ್ರಾಗ ಯಾವ ಗೇಜು, ಯಾವ ಕೋನ, ಬಾಗಿದ ಪಾಯಿಂಟೂ ಬರಕೋಬಹುದು, ಕಲಿಯೋದು ಮಾತ್ರ ನಾಲ್ಕು ಸಂಜಿ ತಲಿ ತಿಂತೈತಿ. ಪ್ರಿಂಟ್ ಹೊಡೆಯೋವಾಗ ಝೆರಾಕ್ಸ್ ಅಂಗಡಿಯವರಿಗೆ "ಫಿಟ್ ಟು ಪೇಜ್ ಬ್ಯಾಡ, ನೂರಕ್ಕ ನೂರು ಸೈಜ್" ಅಂತ ಹೇಳ್ರಿ, ಕೈಗೆ ಬಂದ ಕೂಡ್ಲೆ ಪಟ್ಟಿ ಹಿಡದು ಅಳೀರಿ.

ಸ್ಲೀಪರಿಗೆ ಎಲೆಕ್ಟ್ರಾನಿಕ್ಸ್ ಅಂಗಡ್ಯಾಗಿನ ಕಾಪರ್ ಕ್ಲ್ಯಾಡ್ ಬೋರ್ಡ್, 1.6 ಮಿಮೀ ದಪ್ಪಂದು ಸಾಕು. ಎಚ್‌ಓ ಬ್ರಾಡ್ ಗೇಜ್ ಕಟಗಿ ಸ್ಲೀಪರ್ ಲೆಕ್ಕ ಹಾಕಿದ್ರ ಸುಮಾರು 3 ಮಿಮೀ ಅಗಲ ಬರತೈತಿ, ಆ ಅಗಲಕ್ಕ ಪಟ್ಟಿ ಕೊಯ್ಕೋರಿ. ಹಸರ ಬಣ್ಣದ ಗ್ಲಾಸ್ ಬೋರ್ಡ್ ಕೊಯ್ಯೋವಾಗ ಮಾಸ್ಕ್ ಹಾಕ್ಕೋರಿ, ಅದರ ಧೂಳು ಗಾಜಿಂದು. ಪ್ರತಿಯೊಂದು ಪಟ್ಟಿಯ ಮ್ಯಾಲ ತಾಮ್ರವನ್ನ ಅರದಿಂದ ಅಡ್ಡ ಗೀರಿ ಕತ್ತರಿಸ್ಬೇಕು, ಇಲ್ಲಂದ್ರ ಎರಡೂ ಹಳಿ ಕೂಡಿ ಶಾರ್ಟ್. ಗೀರಿದ್ದು ಸರಿ ಹರದೈತೋ ಇಲ್ಲೋ ಅಂತ ಮಲ್ಟಿಮೀಟರ್ ಬೀಪ್ ಇಟ್ಟು ಒಂದೊಂದನ್ನೂ ನೋಡ್ರಿ, ಪೂರ್ತಿ ಕಟ್ಟಿದ ಮ್ಯಾಲ ಹುಡಕೋದು ಸಾಸವಿ ಡಬ್ಬ್ಯಾಗ ರಾಗಿ ಆರಿಸಿದಂಗ.

ಹಳಿ ಎಲ್ಲಿಂದ ಅಂದ್ರ ಫ್ಲೆಕ್ಸ್ ಟ್ರ್ಯಾಕ್ (ಬೇಕಾದಂಗ ಬಗ್ಗೋ ರೆಡಿ ಹಳಿ)ದಿಂದ ಎಳಕೋರಿ. ಒಂದು ಗಜದ ಫ್ಲೆಕ್ಸ್ ಎರಡು ಹಳಿ ಕೊಡತೈತಿ, ಒಂದು ನಂಬರ್ 6 ಪಾಯಿಂಟ್ ಆಗಿ ಇನ್ನೂ ಉಳೀತೈತಿ. ನಿಕಲ್ ಸಿಲ್ವರ್ ಹಳಿನ ತಗೋರಿ, ತಾಮ್ರ, ನಿಕಲ್, ಜಿಂಕ್ ಕೂಡಿಸಿದ ಲೋಹ ಅದು, ಸೋಲ್ಡರ್ ಸರಳ ಹಿಡೀತೈತಿ. ಅರ, ಸಣ್ಣ ಗರಗಸ ಪತ್ತಾರರು ಬಳಸೋವು ಇದಕ್ಕ ಅಗದೀ ಸರಿ, ಅವರಿಗೆ ಸಾಮಾನು ಮಾರೋ ಅಂಗಡ್ಯಾಗ ಕೇಳ್ರಿ. 25 ವ್ಯಾಟಿನ ಐರನ್ ಹಳಿ ಮುಟ್ಟಿದ ಕೂಡ್ಲೆ ತಣ್ಣಗಾಗತೈತಿ, 50 ವ್ಯಾಟ್ ಹತ್ರದ್ದು ಇರ್ಲಿ. 63/37 ಸೋಲ್ಡರ್ 183 ಡಿಗ್ರಿಗೆ ಒಮ್ಮೆಲೆ ಕರಗಿ ಒಮ್ಮೆಲೆ ಗಟ್ಟಿ ಆಗತೈತಿ, ಅದಕ್ಕ ಹಳಿ ಅಲುಗಾಡಿ ಕೂಡೋದು ಕಮ್ಮಿ. ಆಸಿಡ್ ಫ್ಲಕ್ಸ್ ಹಚ್ಚಿದ್ರ ಕೆಲಸ ಮುಗದ ಮ್ಯಾಲ ತೊಳೀಲೇಬೇಕು, ಬೆಳಗಾವಿ ಮಳಿಗಾಲದಾಗ ತೊಳೀದೇ ಬಿಟ್ರ ಹಸರ ಹಿಡೀತೈತಿ. ಕಿಡಕಿ ತಗದಿಡ್ರಿ, ಸೀಸದ ಸೋಲ್ಡರ್ ಮುಟ್ಟಿದ ಕೈ ತೊಳಕೊಂಡ ಚಾ ಕುಡೀರಿ.

ಒಂದು ವಸ್ತು ಮಾತ್ರ ಹೊರಗಿಂದ ತರಸ್ಲೇಬೇಕು, ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಸಂಘ) ಗೇಜ್ ಅನ್ನೋ ತಗಡಿನ ಅಳತಿ ಪಟ್ಟಿ. ಹಳಿ ಅಂತರ, ಚೆಕ್ ರೈಲಿನ ಸಂದು, ಟಂಗ್ ರೈಲು ಎಷ್ಟು ತೆರೀಬೇಕು, ಗಾಲಿಗಳ ನಡುವಿನ ಅಂತರ ಎಲ್ಲಾ ಅದ್ರಾಗ ಕೂಡತೈತಿ. ಅದಿಲ್ದ ಮಾಡಿದ ಪಾಯಿಂಟ್ ಬೀಳಸಿದ್ರ ತಪ್ಪು ಪಾಯಿಂಟಿಂದೋ ಗಾಲಿದೋ ಅಂತ ತಿಳಿಯೋದಿಲ್ಲ, ಮತ್ತ ಹಳೇ ಡಬ್ಬಿಗಳ ತಪ್ಪು ಭಾಳ ಸರ್ತಿ ಗಾಲಿದ ಇರತೈತಿ.

ಕಟ್ಟೋ ಕ್ರಮ ಹಿಂಗ: ಮೊದಲ ನೆಟ್ಟಗಿನ ಸ್ಟಾಕ್ ರೈಲು, ಆಮ್ಯಾಲ ಫ್ರಾಗ್, ಅದಕ್ಕ ಅಳದು ಬಾಗಿದ ಸ್ಟಾಕ್ ರೈಲು, ನಡುವಿನ ಹಳಿ, ಟಂಗ್ ರೈಲು, ಕಡೀಕ ಚೆಕ್ ರೈಲು. ಎಲ್ಲಾದರ ಆಧಾರ ಫ್ರಾಗು, ಅದು ಸೊಟ್ಟ ಆದ್ರ ಮುಂದಿಂದೆಲ್ಲಾ ಸೊಟ್ಟ. ಟಂಗ್ ರೈಲು ತೆಳ್ಳಗ ತಿಕ್ಕೋದಕ್ಕ ತಾಳ್ಮಿ ಬೇಕು, ತುದಿ ಸ್ಟಾಕ್ ರೈಲಿಗೆ ಅಂಟಿ ಕೂತು ಉಗರಿಗೆ ತಡೀಬಾರ್ದು. ಡಿಸಿಸಿ (ಇಂಜಿನ್ನಿಗೆ ಡಿಜಿಟಲ್ ಕಂಟ್ರೋಲ್) ಹಾಕೋರು ಟಂಗ್ ರೈಲಿಗೂ ಫ್ರಾಗಿಗೂ ನಡುವ ಹಳಿ ಕತ್ತರಿಸಿ ಬೇರ್ಪಡಿಸ್ರಿ, ಒಂದೊಂದು ಟಂಗ್ ರೈಲನ್ನ ಅದರ ಬಾಜೂದ ಸ್ಟಾಕ್ ರೈಲಿಗೆ ವೈರಿಂದ ಕೂಡಿಸ್ರಿ, ಗಾಲಿಯ ಬೆನ್ನು ತಾಗಿದ್ರೂ ಆಗ ಶಾರ್ಟ್ ಆಗಂಗಿಲ್ಲ. ಮೊದಲನೇ ಪಾಯಿಂಟಿಗೆ ಒಂದು ಶನಿವಾರ-ರವಿವಾರ ಹೋಗತೈತಿ, ಕೈ ಕೂತ ಮ್ಯಾಲ ಎರಡ್ಮೂರು ತಾಸು. ಸಾಮಾನಿನ ಖರ್ಚು ರೆಡಿ ಪಾಯಿಂಟಿನ ಕಾಲು ಭಾಗದ ಆಸುಪಾಸು, ಅದ್ರಾಗ ದೊಡ್ಡ ಪಾಲು ಹಳಿದು. ಸಂಧಿ ಬಿಟ್ರ ಅಲ್ಲೇ ಐರನ್ ಇಟ್ಟು ಸರಿ ಮಾಡಬಹುದು, ಈ ರಿಪೇರಿ ಸುಖ ರೆಡಿ ಪಾಯಿಂಟಿಗಿಲ್ಲ.

ಚಂದಕ್ಕ ಇದು ಸೋಲತೈತಿ, ಅದನ್ನ ಒಪ್ಕೋಬೇಕು. ಹಳಿಗೆ ಬೋಲ್ಟಿಲ್ಲ, ಚೇರಿಲ್ಲ (ಹಳಿಯನ್ನ ಸ್ಲೀಪರಿಗೆ ಹಿಡಿಯೋ ತುಂಡು), ಬರೇ ಸೋಲ್ಡರ್ ಬೊಟ್ಟು. ಬಣ್ಣ ಹೊಡದು ಬ್ಯಾಲಾಸ್ಟ್ ಹಾಕಿದ್ರ ಎರಡು ಫೂಟು ದೂರದಿಂದ ಗೊತ್ತಾಗಂಗಿಲ್ಲ, ಫೋಟೋ ಹತ್ರ ಹಿಡದು ತಗಿಯೋರಿಗೆ ಗೊತ್ತಾಗತೈತಿ.

ಕಟಗಿ ಸ್ಲೀಪರಿಗೆ ಮೊಳಿ ಹೊಡೆಯೋದು, ತ್ರೀಡಿ ಪ್ರಿಂಟ್

ಹಳೇ ಮೀಟರ್ ಗೇಜಿನ ಕಳಾ ಬೇಕಂದ್ರ ಕಟಗಿ ಸ್ಲೀಪರಿಗೆ ಸಣ್ಣ ಮೊಳಿ ಹೊಡದು ಕಟ್ಟಿದ್ದಕ್ಕ ಸಾಟಿ ಇಲ್ಲ. ಬಡಿಗೇರ ಕಡೆ ಸಾಗವಾನಿ ಚೂರು ಸಿಗ್ತಾವ, ಮೀಟರ್ ಗೇಜ್ ಸ್ಲೀಪರ್ 1:87ಕ್ಕ ಸುಮಾರು 21 ಮಿಮೀ ಉದ್ದ, 2.3 ಮಿಮೀ ಅಗಲ. ವ್ಯಾಳ್ಯಾ ಕಾಪರ್ ಕ್ಲ್ಯಾಡಿನ ಎರಡು ಪಟ್ಟು ಹಿಡೀರಿ. ತ್ಯಾವ ಹೆಚ್ಚಿರೋ ಕಡೆ ಕಟಗಿ ಉಬ್ಬಿ ಇಳದು ಮೊಳಿ ಸಡಲ ಆಗ್ತಾವ, ಅದಕ್ಕ ಬೆಳಗಾವಿಯವರು ನಾಲ್ಕೈದು ಸ್ಲೀಪರಿಗೊಂದು ಕಾಪರ್ ಕ್ಲ್ಯಾಡ್ ಸೇರಿಸಿ ಮಿಶ್ರ ಮಾಡಿದ್ರ ಗಟ್ಟಿ ಉಳೀತೈತಿ. ಒಣ ಹವಾದ ಬಾಗಲಕೋಟಿ, ವಿಜಯಪುರದವರಿಗೆ ಈ ತ್ರಾಸು ಕಮ್ಮಿ.

ತ್ರೀಡಿ ಪ್ರಿಂಟರ್ ಇರೋ ಹುಡುಗರು ಸ್ಲೀಪರ್, ಚೇರು ಎಲ್ಲಾ ಕೂಡಿದ ತಳ ಪ್ರಿಂಟ್ ಮಾಡಿ ಹಳಿ ಪೋಣಸ್ತಾರ, ನೋಡಾಕ ಎಲ್ಲದಕ್ಕಿಂತ ಚಂದ. ಆದ್ರ ಪ್ರಿಂಟಿಗೆ ಬಳಸೋ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ರ ಮೆತ್ತಗಾಗತೈತಿ. ಬ್ಯಾಸಗ್ಯಾಗ ಪತ್ರಾಸ್ ಖೋಲಿಯೊಳಗ ಬಿಸಲು ನೇರ ಬೀಳೋ ಜಾಗಾದಾಗ ಅದು ಡೊಂಕ ಆಗೋ ಸಂಭವ ಐತಿ, ಪಿಇಟಿಜಿ 80 ಡಿಗ್ರಿ ಹತ್ರ ತಡೀತೈತಿ, ಅದ್ರಾಗ ಹೊಡೀರಿ. ಫ್ರಾಗನ್ನ ಹೊರಗ ಸೋಲ್ಡರ್ ಮಾಡಿ ಆಮ್ಯಾಲ ಕೂಡಸ್ರಿ, ತಳದ ಮ್ಯಾಲ ಐರನ್ ತಂದ್ರೀ ಅಂದ್ರ ಎಲ್ಲಾ ಕರಗತೈತಿ.

ಯಾರಿಗೆ ಯಾವುದು

ಸಣ್ಣ ಮಗನ ಜೋಡಿ ಆಡಾಕ ಬಾಗಿಲ ಅಗಲದ ಲೇಔಟ್ ಮಾಡೋ ಅಪ್ಪಗ ರೆಡಿ ಕೋಡ್ 100, ಬ್ಯಾರೆ ವಿಚಾರ ಬ್ಯಾಡ, ಹಳೇ ಡಬ್ಬಿಗಳ ದಪ್ಪ ಅಂಚಿನ ಗಾಲಿನೂ ಅದ್ರ ಮ್ಯಾಲ ಓಡ್ತಾವ. ಕಾಲೇಜು ಹುಡುಗರು, ವ್ಯಾಳ್ಯಾ ಐತಿ ರೊಕ್ಕಿಲ್ಲ ಅನ್ನೋರು, ಕಾಪರ್ ಕ್ಲ್ಯಾಡ್. ರಿಟೈರ್ ಆದವರು, ಕೈ ಸಣ್ಣಗ ನಡಗತೈತಿ ಅನ್ನೋರು, ಭೂತಗನ್ನಡಿ ಇಲ್ದ ಫ್ರಾಗ್ ತಿಕ್ಕೋದು ಆಗಂಗಿಲ್ಲ, ಜಿಗ್ ಇಲ್ಲಾ ರೆಡಿ. ಮೀಟರ್ ಗೇಜಿನವರು ಎರಡು ರೆಡಿ ತಗೊಂಡು ಅದನ್ನ ನೋಡಿ ಉಳಿದದ್ದನ್ನ ಕೈಲೆ ಮಾಡ್ರಿ. ಎನ್ ಸ್ಕೇಲಿನವರು, 9 ಮಿಮೀ ಹಳಿಯವರು, ಒಂದು ಕೂದಲೆಳಿ ತಪ್ಪಿದ್ರೂ ಗಾಡಿ ಬೀಳತೈತಿ, ಮೊದಲ ಪ್ರಯತ್ನಕ್ಕ ಅದು ಬ್ಯಾಡ.

ತಿರುವೋ ವ್ಯವಸ್ಥಾ ಕೈಲೆ ಮಾಡಿದ್ದಕ್ಕ ಬ್ಯಾರೆ ಬೇಕಾಗತೈತಿ, ಪೀಕೋದಂಗ ಒಳಗ ಸ್ಪ್ರಿಂಗ್ ಇರಂಗಿಲ್ಲ. ಅಗ್ಗದ ದಾರಿ ಎಸ್‌ಪಿಡಿಟಿ (ಒಂದು ವೈರನ್ನ ಎರಡರಾಗ ಒಂದಕ್ಕ ಕೂಡಿಸೋ) ಸ್ಲೈಡ್ ಸ್ವಿಚ್, ಅದಕ್ಕ ಗಟ್ಟಿ ತಂತಿ ಕೂಡಿಸಿ ಲೇಔಟ್ ಅಂಚಿನತನಕ ತಂದ್ರ ಒಂದ ಎಳೆತಕ್ಕ ಟಂಗ್ ರೈಲೂ ಸರೀತೈತಿ, ಫ್ರಾಗಿನ ಪೊಲಾರಿಟಿನೂ ಬದಲಾಗತೈತಿ. ಆರ್ಡುಯಿನೋ ಗೊತ್ತಿದ್ದವರು ಎಸ್‌ಜಿ90 ಸರ್ವೋ (ಸಣ್ಣ ಮೋಟರ್) ಹಾಕ್ರಿ, ಪೊಲಾರಿಟಿಗೆ ಒಂದು ಮೈಕ್ರೋಸ್ವಿಚ್ ಬ್ಯಾರೆ ಬೇಕು. ಪಾಯಿಂಟ್ ತಿರುವಾಕಂತನ ಮಾಡಿದ ಟಾರ್ಟಾಯ್ಸ್ ಮೋಟರ್‌ನ್ಯಾಗ ಸ್ವಿಚ್ ಒಳಗ ಇರತೈತಿ, ನಿಧಾನ ಸರೀತೈತಿ, ಅದರ ಬೆಲಿಗೆ ಹತ್ತು ಸರ್ವೋ ಬರ್ತಾವ.

ಎರಡೂ ಬೆರಸಿ ಮಾಡೋದೂ ನಡೀತೈತಿ, ಮೇನ್ ಲೈನಿಗೆ ರೆಡಿ, ಯಾರ್ಡಿಗೆ ಕೈಲೆ ಮಾಡಿದ್ದು. ಹಂಗ ಮಾಡೋರು ಹಳಿ ಕೋಡ್ ಒಂದ ಇಟ್ಕೊಂಡ್ರ ಕೆಲಸ ಹಗುರ. ಬ್ಯಾರೆ ಬ್ಯಾರೆ ಆದ್ರ, ಕೋಡ್ 100 ಅಂದ್ರ 2.54 ಮಿಮೀ ಎತ್ತರ, ಕೋಡ್ 75 ಅಂದ್ರ 1.9, ಕೂಡೋ ಜಾಗಾದಾಗ ಆರು ಹತ್ತಾಂಶ ಮಿಮೀ ಮೆಟ್ಟಲು ಬೀಳತೈತಿ, ಸಣ್ಣ ಹಳಿಯ ತಳಕ್ಕ ಕಾರ್ಡ್‌ಬೋರ್ಡ್ ಕೊಟ್ಟು ತಲಿ ಸಮ ಮಾಡಿ, ಜಾಯಿನರ್ ಚಪ್ಪಟಿ ಬಡದು ಅದರ ಮ್ಯಾಲ ಸಣ್ಣ ಹಳಿ ಇಟ್ಟು ಸೋಲ್ಡರ್ ಮಾಡ್ರಿ, ಆ ಜೋಡಣಿ ಮಾತ್ರ ಪಾಯಿಂಟಿನ ಬಾಯಿಗೆ ತರಬ್ಯಾಡ್ರಿ, ಒಂದು ಫೂಟಾದ್ರೂ ದೂರ ಇರ್ಲಿ.